ಮೇಲ್ಮನೆಯಿಂದ ಇಳಿದು ಬಂದ ಮಂತ್ರಿ

ಚುನಾವಣೆಗೆ ನಿಲ್ಲದೆ ಸಿಕ್ಕುವ ಅಧಿಕಾರದಷ್ಟು ಸುಖ ಬೇರೊಂದಿಲ್ಲ. ಕೈ ಮುಗಿಯಬೇಕಿಲ್ಲ, ಓಟು ಕೇಳಬೇಕಿಲ್ಲ, ತಪ್ಪಾದರೆ ಮುಖ ತೋರಿಸಲೂ ಬೇಕಿಲ್ಲ. ದುಬೈನ ನಮ್ಮ ಕನ್ನಡ ಕೂಟದಲ್ಲಿ ಕೆಲವು ವರ್ಷ ನಾನು ಆ ಸುಖ ಉಂಡವನು. ಸದಸ್ಯರು ಓಟು ಹಾಕಿ ಆರಿಸಿದ ಸಮಿತಿ ಅಲ್ ನಹ್ದಾದ ನಮ್ಮ ಕಟ್ಟಡದ ಕೆಳಗಿನ ಫ್ಲಾಟಿನಲ್ಲಿ ಸೇರುತ್ತಿತ್ತು; ಯಾರೂ ಆರಿಸದ ಹಿರಿಯರ ಮಂಡಳಿ ಮೇಲಿನ ನನ್ನ ಫ್ಲಾಟಿನಲ್ಲಿ. ಹೀಗಾಗಿ ಅದು ಕೆಳಮನೆ, ಇದು ಮೇಲ್ಮನೆ. ಮೇಲ್ಮನೆಗೆ ಬೇಕಾದ ಅರ್ಹತೆ ಎಂದರೆ ಗಲ್ಫಿಗೆ ಮೊದಲೇ ಬಂದಿರುವುದು, ಜೊತೆಗೆ ಬೋಳುತಲೆ. ಎರಡೂ ಇದ್ದ ನನ್ನನ್ನು ಊಟದ ಮಂತ್ರಿ ಮಾಡಿದ್ದರು. ನನ್ನ ಹೆಂಡತಿ ವಿಮಲಾ ಮಾತ್ರ ಚುನಾವಣೆಯಲ್ಲಿ ಗೆದ್ದು ಕೆಳಮನೆ ಸೇರಿದ್ದಳು. ಒಂದೇ ಮನೆಯಲ್ಲಿದ್ದೂ ನಾವು ಬೇರೆ ಬೇರೆ ಮನೆಯವರು.

ಆ ವರ್ಷದ ಯುಗಾದಿ ಊಟ ಒಂದು ಶುಕ್ರವಾರ ನಡೆಯಿತು. ನಾನು ಮೈಸೂರಿನವನು. ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದ ಮೇಲೂ ಬಡಿಸಿದರೇ ನಮ್ಮಲ್ಲಿ ಉಪಚಾರ. ಮೊದಲ ಪಂಕ್ತಿಯಲ್ಲಿ ಓಡಾಡಿ, ಅಡ್ಡ ಹಿಡಿದ ಕೈಗಳ ಸಂದಿಯಲ್ಲೇ ಒಬ್ಬಟ್ಟು ಇಳಿಸಿದೆ. ಎಲ್ಲರೂ ಹೊಗಳಿದರು. ಅಷ್ಟರಲ್ಲಿ ಅಬುಧಾಬಿಯಿಂದಲೂ ಆಚೆಗಿನ ಮದೀನತ್ ಜಾಯೆದಿನಲ್ಲಿ ದುಡಿಯುವ ನಮ್ಮ ಸದಸ್ಯರು ಮರಳುಗಾಡು ದಾಟಿ ಬಸ್ಸಿನಲ್ಲಿ ಬಂದು ಎರಡನೆಯ ಪಂಕ್ತಿಗೆ ಕೂತರು. ಅನ್ನ, ಸಾರು ಸಿಕ್ಕಿತು, ಒಬ್ಬಟ್ಟು ಖಲಾಸ್. ಊರಿನ ಹಬ್ಬದೂಟಕ್ಕೆಂದೇ ಅಷ್ಟು ದೂರ ಬಂದವರು, ಅಷ್ಟನ್ನೇ ಉಂಡು ಬಸ್ಸು ಹತ್ತಿದರು.

ಮುಂದಿನ ವಾರ ಕೆಳಮನೆಯಿಂದ ಕರೆ ಬಂತು, ಊಟದ ಮಂತ್ರಿ ಬಂದು ಉತ್ತರ ಕೊಡಬೇಕು ಎಂದು. ನಾನು ಆ ಮನೆಯ ಸದಸ್ಯನಲ್ಲ, ಅಲ್ಲಿ ಉತ್ತರ ಕೊಡುವ ಪದ್ಧತಿಯಿಲ್ಲ ಎಂದು ವಿಮಲಾಳ ಕೈಲೇ ಹೇಳಿಕಳಿಸಿದೆ. ಅವಳು ಹಿಂದಿರುಗುವಾಗ ಇಬ್ರಾಹಿಮರನ್ನು ಕರೆದುಕೊಂಡೇ ಬಂದಳು. ಉಳ್ಳಾಲದ ಕಡೆಯ ಬ್ಯಾರಿ. ಮದೀನತ್ ಜಾಯೆದಿನವರು ಆರಿಸಿ ಕಳಿಸಿದ ಪ್ರತಿನಿಧಿ. ನಾನು ನಿಯಮ ಹೇಳಲು ಬಾಯಿ ತೆರೆದೆ. ಅವರು ಕೂರಲೂ ಇಲ್ಲ.

“ಓಟು ಹಾಕಿದವರು ನನ್ನತ್ರ ಕೇಳ್ತಾರೆ ಸರ್, ಒಬ್ಬಟ್ಟು ಎಲ್ಲಿ ಹೋಯ್ತು ಅಂತ. ನಾನು ಯಾರತ್ರ ಕೇಳುದು?”

ನಾಚಿಕೆಯೂ ಆಯಿತು, ಪಾಪ ಅಂತಲೂ ಅನ್ನಿಸಿತು. ಚಪ್ಪಲಿ ಮೆಟ್ಟಿ ಅವರ ಹಿಂದೆಯೇ ಇಳಿದೆ. ಕೆಳಮನೆ ನನ್ನನ್ನು ನಿಲ್ಲಿಸಿಯೇ ಉತ್ತರ ಹೇಳಿಸಿತು; ಹೆಚ್ಚು ಪ್ರಶ್ನೆ ಕೇಳಿದವಳು ನನ್ನ ಹೆಂಡತಿ. ಮಂತ್ರಿ ಯಾವ ಮನೆಯವನಾದರೂ ಇಲ್ಲಿಗೆ ಬಂದು ಉತ್ತರ ಕೊಡಬೇಕು, ದೂರದಿಂದ ಬಂದವರಿಗೇ ಮೊದಲ ಪಂಕ್ತಿ ಎಂದು ತೀರ್ಮಾನವಾಯಿತು.

ಇನ್ನು ಆರಿಸಿ ಬಂದೇ ಮಂತ್ರಿಯಾಗೋಣವೆಂದು ಮರುವರ್ಷ ಚುನಾವಣೆಗೆ ನಿಂತೆ. ಒಬ್ಬಟ್ಟು ತಿಂದವರೂ ಓಟು ಹಾಕಲಿಲ್ಲ. ಸೋತ ನಾಯಕರಿಗೆ ನಮ್ಮ ದೇಶದಲ್ಲಿ ಏನು ಮಾಡುತ್ತಾರೋ ಹಿರಿಯರೂ ಅದನ್ನೇ ಮಾಡಿದರು: ಮೇಲ್ಮನೆಯಲ್ಲಿ ಕೂರಿಸಿ ಮತ್ತೆ ಊಟದ ಮಂತ್ರಿ ಮಾಡಿದರು. ಆ ಯುಗಾದಿಗೆ ಬಸ್ಸಿನವರು ಮೊದಲ ಪಂಕ್ತಿಯಲ್ಲಿ ಕೂತರು. ಅವರು ಯಾರೂ ಬೇಡ ಅನ್ನಲಿಲ್ಲ, ನಾನೂ ಬಡಿಸುವುದನ್ನು ನಿಲ್ಲಿಸಲಿಲ್ಲ. ಎರಡನೆಯ ಪಂಕ್ತಿಗೆ ಇಡೀ ಕೆಳಮನೆ ಬಂದು ಕೂತಾಗ ಒಬ್ಬಟ್ಟಿನ ಬುಟ್ಟಿ ಬರಿದಾಗಿತ್ತು. ಈ ಸಲ ಕರೆ ಬರುವ ಮೊದಲೇ ಕೆಳಮನೆಗೆ ಹೋಗಿ ಉತ್ತರ ಕೊಡಲು ನಿಂತೆ. ನನ್ನ ಪರವಾಗಿ ಮಾತಾಡಿದವರು ಇಬ್ರಾಹಿಮರೊಬ್ಬರೇ. ವಿಮಲಾ ಅದಕ್ಕೂ ಬಗ್ಗಲಿಲ್ಲ.