ಕಪ್ಪು ಕಿಟಕಿಗೆ ಹುಕುಂ ಕೊಟ್ಟವರ್ಯಾರು?

ಕಂಪ್ಯೂಟರ್ ತಾನಾಗೇ ಒಂದು ಕೆಲಸ ಮಾಡಿತೆಂದರೆ ಸಾಕು, ನಮ್ಮ ಕಚೇರಿಯಲ್ಲಿ ಎಲ್ಲರ ಕಣ್ಣೂ ನನ್ನ ಕಡೆ ತಿರುಗುತ್ತವೆ. ವಾರಕ್ಕೊಮ್ಮೆಯಾದರೂ ಇದು ಆಗಲೇಬೇಕು. ಯಲಬುರ್ಗಾದ ಈ ಕಂದಾಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನೊಬ್ಬಳೇ. ಶೆಲ್ ಎಂಬ ಕಪ್ಪು ಕಿಟಕಿ ತೆರೆದು, ಕಂಪ್ಯೂಟರಿಗೆ ಹುಕುಂ ಕೊಡುವ ಅವೇ ಕಮಾಂಡುಗಳನ್ನು ದಿನಾ ಕುಟ್ಟಿ ಕುಟ್ಟಿ ಬೇಸತ್ತು, ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದಿಟ್ಟೆ. ಕಮಾಂಡುಗಳನ್ನು ಈಗ ಸ್ಕ್ರಿಪ್ಟೇ ಒಳಗಿಂದ ಓಡಿಸುತ್ತದೆ, ನಾನು ಚಹಾ ಕುಡಿಯುತ್ತೇನೆ. ಗುಮಾನಿ ಶುರುವಾದದ್ದು ಅಲ್ಲಿಂದಲೇ.

೧. ಮೂರು ಮಂದಿ ದಾಟಿ

ಮೊದಲ ಸ್ಕ್ರಿಪ್ಟ್ ಸಂಜೆ ಆರಕ್ಕೆ ಎಲ್ಲ ಕಂಪ್ಯೂಟರ್ ಬಂದ್ ಮಾಡಿತು. ಹೆಡ್ ಕ್ಲರ್ಕ್ ಮೇಜಿನ ಕೆಳಗೆ ಬಗ್ಗಿ, ವೈರ್ ಜಗ್ಗಿ ನೋಡಿ, ಕಡೆಗೆ ನನ್ನ ಬಳಿ ಬಂದರು.

"ಯಾರು ಬಂದ್ ಮಾಡಿದ್ರು?"

"ಸ್ಕ್ರಿಪ್ಟ್ ರೀ ಸರ್. ನಾ ಸ್ಕ್ರಿಪ್ಟಿಗೆ ಹೇಳೀನಿ, ಅದು ಶೆಲ್ಲಿಗೆ ಹೇಳ್ತೈತಿ, ಶೆಲ್ ಕಂಪ್ಯೂಟರಿಗೆ ಹೇಳ್ತೈತಿ."

ಅವರು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು. "ಮೂರು ಮಂದಿ ದಾಟಿ ಹೋದ ಮ್ಯಾಲೂ ಹೇಳಿದ ಕೆಲಸ ಅವತ್ತೇ ಆತು ಅಂತೀರಿ? ಈ ಕಚೇರಿಯಾಗ? ಖರೇ ಹೇಳ್ರಿ, ಯಾರು ಮಾಡಿದ್ರು?"

೨. ಓಡಿಹೋದ ಕಿಟಕಿ

ಸ್ಕ್ರಿಪ್ಟ್ ಕಮಾಂಡು ಓಡಿಸುವಾಗ ಪರದೆಯ ಮೇಲೆ ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದೆ. ಹೊಲದ ಉತಾರ, ಅಂದರೆ ಪಹಣಿ, ಕೇಳಲು ಬಂದಿದ್ದ ಮುದುಕ ಅದನ್ನು ಕಂಡುಬಿಟ್ಟ.

"ಅಕ್ಕಾರ, ಕರೇದೇನೋ ಬಂದು ಹೋತಲ್ಲ?"

"ಏನಿಲ್ಲರಿ ಯಜ್ಜಾ."

"ಏನಿಲ್ಲಾಂದ್ರ ಯಾಕ ಓಡಿಹೋತು? ನನ್ನ ಹೊಲ ತಮ್ಮನ ಹೆಸರಿಗೆ ಮಾಡಿದ್ರೇನು? ನಿಲ್ಲಸ್ರಿ ಅದನ್ನ!"

ಕಿಟಕಿ ನಿಲ್ಲುವಂತೆ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿ, ಮತ್ತೆ ಓಡಿಸಿ, ಅದರಲ್ಲಿದ್ದದ್ದನ್ನು ಓದಿ ಹೇಳಿದೆ: "ಒಂದು ಫೈಲ್ ಕಾಪಿ ಆಗೇತಿ, ಅಷ್ಟರಿ."

ಮುದುಕ ಎದ್ದೇ ನಿಂತ. "ಕಾಪಿ! ನಾ ಅಂದಿದ್ದಿಲ್ಲೇನು? ತಮ್ಮಗ ಎಷ್ಟು ಕಾಪಿ ಕೊಟ್ರಿ?"

೩. ಇಟಗಿಯ ಫೋಲ್ಡರ್

ಒಂದು ಸೋಮವಾರ ಕಚೇರಿಯ ದೊಡ್ಡ ಕಂಪ್ಯೂಟರ್ ಕೆಲಸದ ನಡುವೆಯೇ ಆರಿ, ಮತ್ತೆ ತಾನೇ ಶುರುವಾಯಿತು. ಹಳ್ಳಿಗಳಿಂದ ಬಂದ ಸರ್ವೆ ಫೋಟೊ ಫೋಲ್ಡರುಗಳನ್ನು ನನ್ನ ಸ್ಕ್ರಿಪ್ಟ್ ಜಿಪ್ ಮಾಡಿ ಗಂಟು ಕಟ್ಟುವಾಗಲೆಲ್ಲ ಹೀಗೇ. ಮೂರು ಸಲ ಆಯಿತು. ಹೊರಗೆ ಸರದಿ ನಿಂತ ಜನ ಬೈಯತೊಡಗಿದರು.

"ಹೊರಗಿನವರು ಕೈ ಹಾಕ್ಯಾರ," ಎಂದರು ಕಚೇರಿಯ ಸಾಹೇಬರು. ನನಗೂ ಹಾಗೇ ಅನಿಸಿತು. ಹುಡುಕಿದರೆ, ಆರುವ ಹುಕುಂ ಬರುತ್ತಿದ್ದದ್ದು ಇಟಗಿಯ ಫೋಲ್ಡರಿನಿಂದ! ಅಲ್ಲಿಯ ಸರ್ವೆಯವನ ಹೆಸರಿಗೆ ಮೆಮೊ ತಯಾರಾಯಿತು. ಆತ ಬಸ್ಸು ಹಿಡಿದು ಬಂದು, ಸಾಹೇಬರ ಮೇಜಿನ ಮುಂದೆ ನಿಂತ.

ಫೋಲ್ಡರಿಗೆ ಆತ ಇಟ್ಟ ಹೆಸರು: ಇಂಗ್ಲಿಷಿನಲ್ಲಿ 'ಇಟಗಿ', ಆಮೇಲೆ ಅರ್ಧವಿರಾಮ (;), ಆಮೇಲೆ 'ರೀಬೂಟ್', ಅಂದರೆ ಆರಿಸಿ ಮತ್ತೆ ಶುರುಮಾಡು.

"ಇಂಥಾ ಹೆಸರು ಯಾರು ಕಲಿಸಿದ್ರು?" ಸಾಹೇಬರು ಗುಡುಗಿದರು.

"ಈ ಮೇಡಂ ಅವರೇ ಫೋನಿನ್ಯಾಗ ಹೇಳಿದ್ರಲ್ರಿ! 'ಫೋಲ್ಡರಿಗೆ ಇಟಗಿ ಅಂತ ಇಡ್ರಿ, ರೀಬೂಟ್ ಮಾಡ್ರಿ' ಅಂತ. ಅವರು ಹೇಳಿದ್ದು ಅಷ್ಟೂ ಇಟ್ಟೀನ್ರಿ. ಎರಡು ಮಾತಿನ ನಡುವ ಅರ್ಧವಿರಾಮ ಹಾಕ್ಬೇಕಂತ ಸಾಲ್ಯಾಗ ಕಲಿಸ್ಯಾರ್ರಿ."

ಫೋನಿನಲ್ಲಿ ಹಾಗೆ ಹೇಳಿದ್ದು ನಾನೇ. ಶೆಲ್ಲಿಗೂ ಅದೇ ಪಾಠ: ಅರ್ಧವಿರಾಮ ಬಂದರೆ ಒಂದು ಹುಕುಂ ಮುಗಿಯಿತು, ಇನ್ನೊಂದು ಶುರು. ನನ್ನ ಸ್ಕ್ರಿಪ್ಟ್ ಆ ಹೆಸರನ್ನು ಹಿಂದೆಮುಂದೆ ನೋಡದೆ ಹಾಗೇ ಶೆಲ್ಲಿಗೆ ದಾಟಿಸಿತ್ತು. ರೀಬೂಟ್ ಆಗದೆ ಇನ್ನೇನಾದೀತು? ತಪ್ಪು ನನ್ನದೇ ಎಂದು ಒಪ್ಪಿಕೊಂಡೆ.

ಸಾಹೇಬರು ಮೆಮೊದಲ್ಲಿ ಆತನ ಹೆಸರು ಹೊಡೆದುಹಾಕಿ, ಪೆನ್ನು ಹಿಡಿದೇ ನನ್ನನ್ನು ಸಂಶಯದಿಂದ ನೋಡಿದರು.

"ಇಲ್ಲೆ ನಿಮ್ಮ ಹೆಸರು ಬರೀಬೇಕು. ಹೆಸರಿನ ನಡುವ ಅರ್ಧವಿರಾಮ ಏನೂ ಇಲ್ಲ ಹೌದಲ್ರಿ?"