ಗಂಟೆಗೆ ಮೂವತ್ತು ಪುಟ

ವಿಜ್ಞಾನ ಕಾಲೇಜಿನ ಪರಿಣಾಮಕಾರಿ ಅಧ್ಯಯನ ಸಮಿತಿಯು ಆರು ಸಭೆಗಳ ನಂತರ, ಓದು ಎಂದರೆ ಪುಟ ತಿರುವುವುದು ಎಂದು ಸರ್ವಾನುಮತದಿಂದ ತೀರ್ಮಾನಿಸಿತು. ಸುತ್ತೋಲೆ ಹೊರಟಿತು: "ವಿದ್ಯಾರ್ಥಿಗಳು ಗಂಟೆಗೆ ಕನಿಷ್ಠ ಮೂವತ್ತು ಪುಟ ತಿರುವತಕ್ಕದ್ದು. ಐದು ಸಾವಿರ ಪುಟವಾಗದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ. ಯೋಚಿಸುವುದಿದ್ದಲ್ಲಿ ಊಟದ ವಿರಾಮದಲ್ಲಿ ಯೋಚಿಸತಕ್ಕದ್ದು."

ಪುಟ ಎಣಿಸುವ ಹೊಣೆ ಲೈಬ್ರರಿಯನ್ನರ ಹೆಗಲಿಗೆ ಬಿತ್ತು. ಪಾಪ, ಪ್ರಾಮಾಣಿಕ ಮನುಷ್ಯ. ಕಣ್ಣು ಮಿಟುಕಿಸಲೂ ಹೆದರುತ್ತಿದ್ದರು.

ಎಲ್ಲರೂ ನಿಧಾನಿ ಎಂದು ಕರೆಯುತ್ತಿದ್ದ ಹುಡುಗಿಗೆ ಮಾತ್ರ ಕಷ್ಟಕ್ಕಿಟ್ಟುಕೊಂಡಿತು. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ತಿಳಿದದ್ದನ್ನು ರದ್ದಿ ಕಾಗದದ ಮೇಲೆ ಬರೆದು ನೋಡುವುದು ಅವಳ ಕೆಟ್ಟ ಚಾಳಿ.

"ಪುಸ್ತಕ ಯಾಕಮ್ಮ ಮುಚ್ಚಿದ್ದೀಯ?" ಎಂದರು ಲೈಬ್ರರಿಯನ್.

"ನೆನಪಿದೆಯಾ ಅಂತ ನೋಡ್ತಿದ್ದೆ ಸಾರ್."

"ನೀನ್ಯಾಕೆ ನೆನಪಿಟ್ಕೋಬೇಕು? ಅದರಲ್ಲೇ ಬರೆದಿದೆಯಲ್ಲ."

ಪರೀಕ್ಷೆಗೆ ಎರಡು ವಾರ ಉಳಿದಾಗ ಅವಳ ಖಾತೆಯಲ್ಲಿದ್ದದ್ದು ಸಾವಿರದ ನೂರು ಪುಟ. ಒಂದು ವರ್ಷ ಮಣ್ಣುಪಾಲಾಗುವುದರಲ್ಲಿತ್ತು. ಸಮಿತಿಯ ಅಧ್ಯಕ್ಷೆಯಾಗಿದ್ದ ರಸಾಯನಶಾಸ್ತ್ರದ ಮೇಡಂ ಹತ್ತಿರ ಓಡಿದಳು.

"ಓದಿದ್ದೆಲ್ಲ ಬರುತ್ತೆ ಮೇಡಂ, ಬೇಕಾದ್ರೆ ಕೇಳಿ ನೋಡಿ."

"ಬರುತ್ತೆ ಅನ್ನೋದಕ್ಕೆ ನಮ್ಮಲ್ಲಿ ಫಾರಂ ಇಲ್ಲಮ್ಮ," ಎಂದರು ಮೇಡಂ, ನಿಜವಾದ ಮರುಕದಿಂದ.

ಮರುದಿನ ಅವಳು ಪುಸ್ತಕವನ್ನು ಫ್ಯಾನಿನ ಕೆಳಗೆ ತೆರೆದಿಟ್ಟು ನೀರು ಕುಡಿಯಲು ಹೋದಳು. ಬರುವಷ್ಟರಲ್ಲಿ ಲೈಬ್ರರಿಯನ್ ಅವಳ ಹೆಸರಿನಲ್ಲಿ ತೊಂಬತ್ತು ಪುಟ ಬರೆದುಕೊಂಡಿದ್ದರು.

"ಸಾರ್, ನಾನಿಲ್ಲಿ ಇರ್ಲೇ ಇಲ್ಲ."

"ತಿರುವಿದ್ದು ಯಾರು ಅಂತ ಬರೆಯೋಕೆ ಕಾಲಂ ಇಲ್ಲ, ಕೂತ್ಕೋ."

ಅವಳು ಕೂರಲಿಲ್ಲ. ಅಂದಿನಿಂದ ಒಂದು ಪುಸ್ತಕವನ್ನು ಫ್ಯಾನಿಗೆ ಒಪ್ಪಿಸಿ, ಇನ್ನೊಂದನ್ನು ಹಿಡಿದು ಲ್ಯಾಬಿನ ಮೆಟ್ಟಿಲ ಮೇಲೆ ತನ್ನ ಚಾಳಿ ಮುಂದುವರಿಸಿದಳು. ಹಾಲ್ ಟಿಕೆಟ್ ಬಂತು. ಫಲಿತಾಂಶ ಬಂದಾಗ ಕಾಲೇಜಿಗೇ ಮೊದಲಿಗಳಾದಳು.

ಸಮಿತಿ ಕೂಲಂಕಷವಾಗಿ ತನಿಖೆ ನಡೆಸಿ ಫ್ಯಾನಿಗೆ ಹಾರ ಹಾಕಿತು. ಹೊಸ ಸುತ್ತೋಲೆ ಬಂತು: "ಇನ್ನು ಮುಂದೆ ಪುಸ್ತಕಗಳು ಮಾತ್ರ ಲೈಬ್ರರಿಗೆ ಹಾಜರಾಗತಕ್ಕದ್ದು. ವಿದ್ಯಾರ್ಥಿಗಳು ಒಳಬಂದು ಗಾಳಿಗೆ ಅಡ್ಡ ನಿಂತಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು."

ಆ ವರ್ಷ ನಿಧಾನಿಯ ತಮ್ಮನೂ ಅದೇ ಕಾಲೇಜು ಸೇರಿದ. ಅವರಪ್ಪ ಮಗನ ಪುಸ್ತಕಗಳನ್ನು ಹೊತ್ತು ತಂದು ಲೈಬ್ರರಿಯನ್ನರಿಗೆ ಕೈಮುಗಿದರು.

"ಫ್ಯಾನ್ ಸ್ವಲ್ಪ ಐದರಲ್ಲೇ ಇಡಿ ಸಾರ್. ಹುಡುಗ ಗಣಿತದಲ್ಲಿ ವೀಕು."

ನಿಧಾನಿಗೆ ತಡೆಯಲಾಗಲಿಲ್ಲ. "ಅಪ್ಪಾ, ನಾನು ಓದಿದ್ದು ಹೊರಗೆ, ಮೆಟ್ಟಿಲ ಮೇಲೆ."

ಅಪ್ಪ ಹೆಮ್ಮೆಯಿಂದ ಅವಳ ತಲೆ ಸವರಿದರು.

"ಗೊತ್ತು ಮಗಳೇ. ಅದಕ್ಕೇ ಅಲ್ವಾ ಫ್ಯಾನಿಗೆ ಅಡ್ಡಿಯಾಗ್ಲಿಲ್ಲ."