ಮೈಮೂನಕ್ಕನ ಮೆಟ್ಟಿಲು, ನನ್ನ ಮಗಳ ಹೇನು

ಜನ ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ಇದೆ ಎನ್ನುತ್ತಾರೆ, ಮೂಲವ್ಯಾಧಿ ಇದೆ ಎನ್ನುತ್ತಾರೆ, ಗಂಡ ಕುಡಿಯುತ್ತಾನೆ ಎಂದು ಬಸ್ಸಿನಲ್ಲಿ ಪಕ್ಕದ ಸೀಟಿನವಳ ಹತ್ತಿರ ಹೇಳಿಕೊಂಡು ಮೂಗು ಒರೆಸಿಕೊಳ್ಳುತ್ತಾರೆ. ಆದರೆ ತಲೆಯಲ್ಲಿ ಹೇನಿದೆ ಎಂದಾಗಲಿ ಹೊಟ್ಟೆಯಲ್ಲಿ ಕಿಚ್ಚಿದೆ ಎಂದಾಗಲಿ ಒಪ್ಪಿಕೊಂಡವರನ್ನು ನಾನಂತೂ ಕಂಡಿಲ್ಲ. ಕೊಂಕಣಿ ಸೀಮೆಯ ಪರ್ವರಿ ಎಂಬ ಊರಿನ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು ನಾನು, ಆದ್ದರಿಂದ ಬಲ್ಲೆ. ಹೇನಿನ ಔಷಧಿಗೆ ಬರುವವರು ಮೊದಲು ಒಂದು ಟೂತ್‌ಪೇಸ್ಟ್ ತೆಗೆದುಕೊಳ್ಳುತ್ತಾರೆ, ಆಮೇಲೆ ಅಂಗಡಿ ಖಾಲಿಯಾಗಲಿ ಎಂದು ಕ್ಯಾಲೆಂಡರ್ ನೋಡುತ್ತ ನಿಲ್ಲುತ್ತಾರೆ. ಕೊಂಕಣಿಯವರು ದನಿ ತಗ್ಗಿಸಿ “ಮಾಥ್ಯಾಕ ಲಾವಪಾಚೆಂ...”, ತಲೆಗೆ ಹಚ್ಚುವುದು, ಎಂದು ಅರ್ಧಕ್ಕೇ ನುಂಗುತ್ತಾರೆ. ನಮ್ಮ ಕಡೆಯ ಹೆಂಗಸರಾದರೆ, “ಅದೇನೋ ತಲಿಗೆ ಹಚ್ಚೂದು ಬರ್ತೈತಂತಲ್ರಿ, ಬಾಜೂಮನಿ ಹುಡುಗಿಗೆ ಬೇಕಾಗಿತ್ತು” ಎನ್ನುತ್ತಾರೆ. ಪರ್ವರಿಯಲ್ಲಿ ಇರುವ ಹೇನುಗಳೆಲ್ಲ ಬಾಜೂಮನೆಯಲ್ಲೇ ಇವೆ. ಇನ್ನು ಹೊಟ್ಟೆಕಿಚ್ಚಿನವರು ಬಂದರೂ ಅಸಿಡಿಟಿ ಗುಳಿಗೆ ತೆಗೆದುಕೊಂಡು ಹೋಗುತ್ತಾರೆ. ನನ್ನ ಮನೆಗೆ ಎರಡೂ ಒಟ್ಟಿಗೇ ಬಂದವು, ಮುಚ್ಚುಮರೆ ಯಾಕೆ, ಹೇಳಿಯೇಬಿಡುತ್ತೇನೆ.

ನಾವು ಗದಗದ ಕಡೆಯವರು. ನನ್ನ ಗಂಡ ಕಟ್ಟಡಗಳಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ಪರ್ವರಿಯಲ್ಲಿ ದಿನಕ್ಕೊಂದು ಕಟ್ಟಡ ಏಳುತ್ತಿರುವುದರಿಂದ ಅವರಿಗೆ ಕೆಲಸಕ್ಕೇನೂ ಕಮ್ಮಿಯಿಲ್ಲ. ಆ ಎತ್ತರದ ಕಟ್ಟಡಗಳ ಬೆನ್ನಿಗೆ ಅಂಟಿಕೊಂಡಂತೆ ಒಂದು ಸಾಲುಮನೆ ಇದೆ, ಅದರಲ್ಲಿ ಒಂದು ಕೋಣೆ ನಮ್ಮದು, ಪಕ್ಕದ್ದು ಮೈಮೂನಕ್ಕನದು. ಮೈಮೂನಕ್ಕ ಇಂಡಿ ಕಡೆಯವಳು. ಗಂಡ ಟೆಂಪೋ ಓಡಿಸುತ್ತಾನೆ, ಇವಳು ಸೈಟಿನ ಕೆಲಸಗಾರರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಮೂವರು ಗಂಡುಮಕ್ಕಳು. ಅಪ್ಪ ರವಿವಾರಕ್ಕೊಮ್ಮೆ ಮಷಿನ್ ಹಿಡಿದು ಮೂವರ ತಲೆಯನ್ನೂ ನುಣ್ಣಗೆ ಮಾಡಿಬಿಡುತ್ತಾನೆ, ಹಾಗಾಗಿ ಆ ಮನೆಯಲ್ಲಿ ಹೇನಿಗೆ ನಿಲ್ಲಲು ನೆಲೆಯೇ ಇಲ್ಲ. ನನ್ನ ಮಗಳು ಸಂಜನಾ ಮೂರನೇ ಇಯತ್ತೆ. ಶಾಲೆ ಬಿಟ್ಟ ಮೇಲೆ ನಾನು ಸಂಜೆ ಮನೆ ಸೇರುವವರೆಗೂ ಮೈಮೂನಕ್ಕನ ಹತ್ತಿರವೇ ಇರುತ್ತಾಳೆ. ರೊಟ್ಟಿಯ ಕೆಲಸ ಮುಗಿಸಿ ಮೈಮೂನಕ್ಕ ಮೆಟ್ಟಿಲ ಮೇಲೆ ಕೂರುತ್ತಾಳೆ, ಕೆಳಗಿನ ಮೆಟ್ಟಿಲಲ್ಲಿ ಕೂತ ಸಂಜೂ ಅವಳ ತೊಡೆಯ ಮೇಲೆ ತಲೆ ಇಡುತ್ತಾಳೆ, ಹೇನು ನೋಡುವ ಕಾರ್ಯಕ್ರಮ ಶುರುವಾಗುತ್ತದೆ. ಮೂರು ಗಂಡುಮಕ್ಕಳನ್ನು ಹೆತ್ತವಳಿಗೆ ಬಾಚಲು ಒಂದು ಜಡೆ ಸಿಕ್ಕರೆ ಬಿಡುತ್ತಾಳೆಯೆ?

ಇದು ನನಗೆ ಗೊತ್ತಾದದ್ದು ಒಂದು ದಿನ ಬೇಗ ಮನೆಗೆ ಬಂದಾಗ. ಮಗಳ ತಲೆಯಲ್ಲಿ ಹೇನಿದೆ ಎಂದು ತಿಳಿದು ಎದೆ ಧಸಕ್ಕೆಂದಿತು ಎಂದು ಬರೆದರೆ ನೀವು ನಂಬುತ್ತೀರಿ, ಆದರೆ ಅದು ಸುಳ್ಳು. ನನ್ನ ಎದೆ ಧಸಕ್ಕೆಂದದ್ದು ಅವಳ ಮುಖ ನೋಡಿ. ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ಮಾತ್ರ ಒಂದೇ ಸಮನೆ ನಡೆದಿತ್ತು. ನನ್ನ ಹತ್ತಿರ “ಸಾಲಿ ಹೆಂಗಾತು” ಎಂದರೆ “ಚಲೋ ಆತು” ಎಂದು ಮುಗಿಸುವ ಹುಡುಗಿ, ಅಲ್ಲಿ ಪುರಾಣ ಬಿಚ್ಚಿದ್ದಳು! ನನ್ನನ್ನು ಕಂಡೊಡನೆ ಬಾಯಿ ಬಂದ್. ಮೈಮೂನಕ್ಕ ನಗುತ್ತ, “ಬರ್ರಿ ವೈನಿ. ಸಂಜೂ ಸಾಲಿ ಗ್ಯಾದರಿಂಗಿನ್ಯಾಗ ಒಬ್ಬಾಕೀನ ಹಾಡಾಕಿ ಅದಾಳ, ನಿಮಗ ಗೊತ್ತಿಲ್ಲೇನ್ರಿ?” ಎಂದಳು. ನನಗೆ ಗೊತ್ತಿರಲಿಲ್ಲ. ಮುಂದಿನ ವಾರ, “ಆಕಿಗೆ ಆ ಗಣಿತದ ಟೀಚರ್ ಕಂಡ್ರ ಅಂಜಿಕಿ ಬರತೈತಂತ, ಗೊತ್ತಿಲ್ಲೇನ್ರಿ?” ಎಂದಳು. ಅದೂ ಗೊತ್ತಿರಲಿಲ್ಲ. ಅವಳು ಕುಹಕದಿಂದ ಕೇಳುತ್ತಿದ್ದಳು ಎನ್ನೋಣವೆಂದರೆ ಹಾಗೂ ಇಲ್ಲ, ನಿಜಕ್ಕೂ ಆಶ್ಚರ್ಯದಿಂದ ಕೇಳುತ್ತಿದ್ದಳು. ಕುಹಕವಾಗಿದ್ದರೆ ಜಗಳವನ್ನಾದರೂ ತೆಗೆಯಬಹುದಿತ್ತು. ಒಂಬತ್ತು ತಿಂಗಳು ಹೊತ್ತವಳು ನಾನು, ಸುದ್ದಿಯೆಲ್ಲ ಅವಳ ತೊಡೆಗೆ! ಹೊಟ್ಟೆಯೊಳಗೆ ಯಾರೋ ಒಗ್ಗರಣೆ ಹಾಕಿದ ಹಾಗಾಯಿತು.

ಮೈಮೂನಕ್ಕನನ್ನು ಏನೂ ಮಾಡುವಂತಿರಲಿಲ್ಲ, ಆದ್ದರಿಂದ ಹೇನುಗಳ ಮೇಲೆ ಬಿದ್ದೆ. ಹೇನು ಹೋದರೆ ತೊಡೆಯ ಕಾರಣವೂ ಹೋಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ, ಮದುವೆಯ ಗಡಿಬಿಡಿಯಲ್ಲಿ ಕೊನೆಯ ವರ್ಷ ಬಿಟ್ಟವಳು ನಾನು. ಆ ವಿದ್ಯೆ ಇಷ್ಟು ವರ್ಷ ಯಾತಕ್ಕೂ ಬಂದಿರಲಿಲ್ಲ, ಅಂದು ಬಂತು. ಔಷಧಿಯ ಬಾಟಲಿ ಇಟ್ಟುಕೊಂಡು ಮಗಳನ್ನು ಎದುರಿಗೆ ಕೂರಿಸಿ ಪಾಠ ಶುರು ಮಾಡಿದೆ. ಹೇನಿಗೆ ಕಣ್ಣು ಇದ್ದೂ ಇಲ್ಲದ ಹಾಗೆ, ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ಗೊತ್ತು. ಬೆಳಕು ಕಂಡರೆ ಓಡಿ ಕೂದಲ ಬುಡಕ್ಕೆ ಸೇರುತ್ತದೆ. ಅದರ ಮೂಗು, ಬೆರಳು ಎಲ್ಲ ತಲೆಯ ಮೇಲಿನ ಎರಡು ಮೀಸೆಗಳಲ್ಲೇ ಇವೆ, ಅವುಗಳಿಂದಲೇ ಮನುಷ್ಯರ ವಾಸನೆ, ಮೈಯ ಬಿಸಿ ತಿಳಿಯುವುದು. ನಾಯಿಯ ಮೈಮೇಲೆ ಬಿಟ್ಟರೆ ಅದು ಬದುಕುವುದಿಲ್ಲ, ಅದಕ್ಕೆ ಮನುಷ್ಯರ ರಕ್ತವೇ ಬೇಕು. ಕಚ್ಚುವ ಮೊದಲು ಜೊಲ್ಲು ಬಿಡುತ್ತದೆ, ನಮ್ಮ ತುರಿಕೆಯೆಲ್ಲ ಆ ಜೊಲ್ಲಿನದು. ಆರು ಕಾಲು, ಒಂದೊಂದರ ತುದಿಗೂ ಒಂದು ಕೊಕ್ಕೆ, ಆ ಕೊಕ್ಕೆಯ ಒಳಗೆ ಒಂದು ಕೂದಲು ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ. ಮೊಟ್ಟೆಯನ್ನು, ಅಂದರೆ ಸೀರನ್ನು, ಅದು ಕೂದಲಿಗೆ ಅಂಟಿಸುವ ಅಂಟು ಎಷ್ಟು ಬಿಗಿ ಎಂದರೆ ನೀರಿಗೂ ಜಗ್ಗುವುದಿಲ್ಲ, ಶಾಂಪೂವಿಗೂ ಜಗ್ಗುವುದಿಲ್ಲ.

ಹೇಳುತ್ತ ಹೇಳುತ್ತ ನನಗೆ ಹೇನಿನ ಮೇಲೂ ಹೊಟ್ಟೆಕಿಚ್ಚಾಯಿತು ನೋಡಿ. ಕಣ್ಣಿಲ್ಲದ ಪ್ರಾಣಿ ನನ್ನ ಮಗಳ ಬಿಸಿ ಏನು, ವಾಸನೆ ಏನು ಎಲ್ಲ ತಿಳಿದುಕೊಂಡು, ಅವಳ ಜೊತೆ ಶಾಲೆಗೂ ಹೋಗಿ, ಗಣಿತದ ಟೀಚರನ್ನೂ ನೋಡಿಕೊಂಡು ಬರುತ್ತದೆ. ಎರಡು ಕಣ್ಣಿರುವ ನಾನು ಕೌಂಟರಿನಲ್ಲಿ ನಿಂತು ಊರವರ ಕೆಮ್ಮಿಗೆ ಸಿರಪ್ ಕೊಡುತ್ತೇನೆ. ಆದರೆ ಸಂಜೂ ಅವತ್ತು ಕಣ್ಣರಳಿಸಿ ಕೇಳಿದಳು. “ಮಮ್ಮಿ, ಅದು ಜಿಗಿತೈತೇನು?” ಎಂದಳು. ಇಲ್ಲ, ಜಿಗಿಯುವುದಿಲ್ಲ, ಹಾರುವುದಿಲ್ಲ, ನಡೆಯುವುದಷ್ಟೇ ಗೊತ್ತು ಎಂದೆ. “ಹಂಗಾರ ಒಬ್ರ ತಲಿಯಿಂದ ಇನ್ನೊಬ್ರ ತಲಿಗೆ ಹೆಂಗ ಹೊಕ್ಕೈತಿ?” ಎಂದಳು. ತಲೆಗೆ ತಲೆ ತಾಗಬೇಕು, ಕೂದಲಿಗೆ ಕೂದಲು ಸೇರಬೇಕು, ಸ್ವಲ್ಪ ಹೊತ್ತು ಹಾಗೇ ಇರಬೇಕು, ಆಗ ಸೇತುವೆ ದಾಟಿದ ಹಾಗೆ ದಾಟುತ್ತದೆ ಎಂದು ವಿವರಿಸಿದೆ. ಮಗಳು ನನ್ನ ಹತ್ತಿರ ಇಷ್ಟು ಪ್ರಶ್ನೆ ಕೇಳಿದ್ದು ಅದೇ ಮೊದಲು. ಇವಳು ಡಾಕ್ಟರೇ ಆಗುತ್ತಾಳೆ ಎಂದು ಗಂಡನಿಗೆ ಹೇಳಿದೆ. “ಮೊದಲ ತಲಿ ತೊಳಿ” ಎಂದರು.

ಔಷಧಿ ತನ್ನ ಕೆಲಸ ಮಾಡಿತು. ಎರಡನೇ ಸಲವೂ ಹಚ್ಚಿ, ಉಕ್ಕಿನ ಸೀರಣಿಗೆಯಿಂದ ಬಾಚಿ ಬಾಚಿ, ಸೀರಿನ ವಂಶವೇ ಇಲ್ಲದ ಹಾಗೆ ಮಾಡಿದೆ. ಮೈಮೂನಕ್ಕನ ತೊಡೆ ಖಾಲಿಯಾಯಿತು. ನನಗಾದ ಸಂತೋಷ ಹೇಳತೀರದು, ಆದರೆ ಸಂಜೂ ಮುಖ ಗಂಟು ಹಾಕಿಕೊಂಡಳು. ಒಂದೇ ಕೋಣೆಯ ಮನೆ ನಮ್ಮದು, ಮೂವರದೂ ಸಾಲಾಗಿ ನೆಲದ ಮೇಲೆ ಹಾಸಿಗೆ, ಮೊದಲು ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗುತ್ತಿದ್ದವಳು ಈಗ ತಲೆದಿಂಬನ್ನು ಗೋಡೆಯ ಹತ್ತಿರ ಎಳೆದುಕೊಂಡು ನನಗೆ ಬೆನ್ನು ಮಾಡಿ ಮಲಗತೊಡಗಿದಳು. ಇರಲಿ, ಈಗ ತೊಡೆಯ ಕೆಲಸ ನಾನೇ ವಹಿಸಿಕೊಳ್ಳುತ್ತೇನೆ ಎಂದು ಒಂದು ರವಿವಾರ ಬಾಗಿಲಲ್ಲಿ ಕೂತು ಕರೆದೆ. ಬಂದಳು, ಕೂತಳು, ಕ್ಷೌರಿಕನ ಮುಂದೆ ಕೂತ ಹಾಗೆ ಕತ್ತು ಸೆಟೆದುಕೊಂಡು ಕೂತಳು. “ಏನಾರ ಹೇಳ ನನ್ನವ್ವ” ಎಂದೆ. “ಏನ್ ಹೇಳ್ಲಿ?” ಎಂದಳು. “ಆ ಟೀಚರ್ ಸುದ್ದಿ ಹೇಳು.” “ಯಾವ ಟೀಚರ್?” ಅಷ್ಟೇ. ತಲೆಯಲ್ಲಿ ಏನೂ ಇರಲಿಲ್ಲ, ಕೆಲಸ ಬೇಗ ಮುಗಿದುಹೋಯಿತು. ಎದ್ದು ಲಂಗ ಕೊಡವಿಕೊಂಡು ಹೋದಳು.

ಕೆಲವು ವಾರಗಳಾಗಿರಬೇಕು, ಒಂದು ಬೆಳಿಗ್ಗೆ ಸಂಜೂಗೆ ಜಡೆ ಹಾಕುವಾಗ ಕಿವಿಯ ಹಿಂದೆ ನಡೆದುಹೋಯಿತು, ಠೀವಿಯಿಂದ, ಒಂದು ಹೇನು! ಸಂಜೆ ಬಂದು ನೋಡುತ್ತೇನೆ, ಮೆಟ್ಟಿಲ ಮೇಲೆ ಮೊದಲಿನ ಹಾಗೇ ದರ್ಬಾರು. ನನ್ನೊಳಗಿನ ಪ್ರಾಣಿಶಾಸ್ತ್ರ ಎದ್ದು ನಿಂತಿತು. ಹೇನು ಜಿಗಿಯುವುದಿಲ್ಲ, ಅಂದಮೇಲೆ ಯಾವುದೋ ತಲೆ ತಾಗಿದೆ. ಯಾವ ತಲೆ? ಇನ್ನಾರದು, ಮೈಮೂನಕ್ಕನದೇ! ತೊಡೆ ತಪ್ಪಿಹೋಯಿತೆಂದು ಬೇಕಂತಲೇ ಹೇನು ದಾನ ಮಾಡಿದ್ದಾಳೆ! ಹೊಟ್ಟೆಕಿಚ್ಚು ಬಂದಾಗ ಬುದ್ಧಿ ಎಷ್ಟು ಚುರುಕಾಗಿ ಓಡುತ್ತದೆ ಎಂದರೆ ದಾರಿಯನ್ನೇ ನೋಡುವುದಿಲ್ಲ.

“ಮೈಮೂನಕ್ಕ, ಸಿಟ್ಟಾಗಬ್ಯಾಡ್ರಿ, ನಿಮ್ಮ ತಲಿ ಒಮ್ಮೆ ನೋಡ್ಲೇನ್ರಿ?” ಎಂದೆ.

“ನೋಡ್ರಿ ವೈನಿ, ಬೇಕಂದ್ರ ಪೊಲೀಸರನ್ನೂ ಕರೀರಿ” ಎಂದು ನಕ್ಕು, ತುರುಬು ಬಿಚ್ಚಿ ನನ್ನ ಮುಂದೆ ಕೂತೇಬಿಟ್ಟಳು.

ನಾನು ನೋಡಿದೆ, ದೇವರಾಣೆ, ಹರಕೆ ಹೊತ್ತವಳ ಹಾಗೆ ನೋಡಿದೆ. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ, ಬೈತಲೆಯ ಎರಡೂ ಕಡೆ. ಒಂದೇ ಒಂದು ಸಿಗಲಪ್ಪ, ಒಂದು ಸೀರಾದರೂ ಸಿಗಲಿ ಎಂದು ಬೇಡಿಕೊಂಡೆ. ಕೊಬ್ಬರಿ ಎಣ್ಣೆ ಮತ್ತು ಜೋಳದ ಹಿಟ್ಟಿನ ವಾಸನೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ, ತಾನು ಮೌಶಿ ಎಂದು ಕರೆಯುವ ಮೈಮೂನಕ್ಕನಿಗೆ ಆಗುತ್ತಿರುವ ಅನ್ಯಾಯ ನೋಡಲಾರದೆ ಸಂಜೂ ಬಾಯಿಬಿಟ್ಟಳು. “ಮೌಶಿ ತಲ್ಯಾಗ ಹುಡುಕಬ್ಯಾಡ ಮಮ್ಮಿ. ನಾನು ರಿಯಾನ ಕಡಿಂದ ತಂದೇನಿ.” ರಿಯಾ ಎಂದರೆ ಇವಳ ಬೆಂಚಿನ ಹುಡುಗಿ. ಗುಲಾಬಿ ಬಣ್ಣದ ಸ್ಕೆಚ್ ಪೆನ್ ಅವಳಿಗೆ ಕೊಟ್ಟು, ಊಟದ ಬಿಡುವಿನಲ್ಲಿ ಇಬ್ಬರೂ ಜಡೆ ಬಿಚ್ಚಿ, ತಲೆಗೆ ತಲೆ ಹಚ್ಚಿ ಕೂತಿದ್ದರಂತೆ. “ನೀನ ಹೇಳಿದ್ದಿಯಲ್ಲ, ಸ್ವಲ್ಪ ಹೊತ್ತು ಹಂಗ ಇರಬೇಕಂತ. ಗಂಟಿ ಹೊಡಿಯೂ ತನಕ ಇದ್ವಿ.”

ಮೈಮೂನಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಒಂದು ತೊಡೆಗಾಗಿ ನನ್ನ ಮಗಳು ಹೇನು ಕೊಂಡು ತಂದಿದ್ದಾಳೆ, ಮತ್ತು ಆ ತೊಡೆ ನನ್ನದಲ್ಲ. “ನನ್ನ ಹಂತ್ಯಾಕ ಕುಂದ್ರಬಾರದಿತ್ತೇನ?” ಎಂದು ಕೇಳಿಯೇಬಿಟ್ಟೆ. ದನಿ ಅಳುವಿನ ಕಡೆ ಹೊರಟಿತ್ತು. ಸಂಜೂ ಬಹಳ ಯೋಚಿಸಿ ಹೇಳಿದಳು, “ನೀ ಹೇನ ಅಷ್ಟ ನೋಡ್ತಿ ಮಮ್ಮಿ. ಮೌಶಿ ಸುಮ್ನ ಕೈ ಆಡಿಸ್ತಾಳ.” ಮೈಮೂನಕ್ಕನ ನಗು ನಿಂತಿತು. ನಾನು ಒಳಗೆ ಹೋಗಿ ಕುಕ್ಕರ್ ಇಟ್ಟೆ. ಆ ಸಲ ಔಷಧಿ ಹಚ್ಚುವ ಮನಸ್ಸೂ ಆಗಲಿಲ್ಲ, ಇರಲಿ ಬಿಡು, ಅವಳ ಹೇನು, ಅವಳ ಮೌಶಿ ಎಂದು ಸುಮ್ಮನಾದೆ. ಸಂಜೂ ಗೋಡೆಯ ಕಡೆ ಮುಖ ಮಾಡಿ ಮಲಗುವುದೂ ನಡೆದೇ ಇತ್ತು.

ಹೀಗೆ ಇರುವಾಗ ಒಂದು ಮಧ್ಯಾಹ್ನ ಕೌಂಟರಿನಲ್ಲಿ ಯಾರಿಗೋ ಜ್ವರದ ಗುಳಿಗೆ ಕತ್ತರಿಸಿಕೊಡುತ್ತಿದ್ದೆ, ತಲೆ ತುರಿಸಿತು. ಕೆರೆದೆ. ಮತ್ತೆ ತುರಿಸಿತು. ಅಂಗಡಿಯ ಮಾಲಕರ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದು, “ಇವತ್ತು ನೀನು ಮನೆಗೆ ಹೋಗು” ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ಹೇನಿನ ಔಷಧಿ ಮಾರುವವಳೇ ಕೌಂಟರಿನಲ್ಲಿ ತಲೆ ಕೆರೆಯುತ್ತ ನಿಂತರೆ ಯಾರಿಗೆ ತಾನೆ ಚಂದ? ಮುಖ ತಗ್ಗಿಸಿಕೊಂಡು ರಸ್ತೆಗೆ ಬಂದೆ. ಬಸ್‌ಸ್ಟಾಪಿನ ತನಕ ರಿಯಾಳನ್ನೂ ಅವಳ ಇಡೀ ಖಾಂದಾನನ್ನೂ ಬೈದುಕೊಂಡೆ. ಅಲ್ಲಿ ನಿಂತಾಗ ತಲೆಗೆ ಹೊಳೆಯಿತು. ಇದು ನನಗೆ ಬಂದದ್ದಾದರೂ ಹೇಗೆ? ಆ ರವಿವಾರ ಸಂಜೂ ನನ್ನ ಮುಂದೆ ಕೂತಾಗ ಅವಳ ತಲೆಯಲ್ಲಿ ಹೇನೇ ಇರಲಿಲ್ಲ. ಮೈಮೂನಕ್ಕನ ತಲೆ ಚೊಕ್ಕಟ. ಅಂಗಡಿಯಲ್ಲಿ ನನಗೂ ಜನಕ್ಕೂ ನಡುವೆ ಅಗಲವಾದ ಗಾಜಿನ ಮೇಜು. ಬೇರೆ ದಾರಿಯೇ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುವ ನನ್ನ ಮಗಳು, ನಿದ್ದೆ ಹತ್ತಿದ ಮೇಲೆ ಹೊರಳಿ ಬಂದು, ನನ್ನ ತಲೆಗೆ ತಲೆ ಹಚ್ಚುತ್ತಾಳೆ. ಕೂದಲಿಗೆ ಕೂದಲು ಸೇರುವಷ್ಟು ಹೊತ್ತು ಹಾಗೇ ಇರುತ್ತಾಳೆ. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ತಲೆ ತುರಿಸಿಕೊಳ್ಳುತ್ತ, ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲ ಎತ್ತಿಕೊಂಡು ದೂರ ಸರಿದಳು.

ಇಂಥ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕು? ನೆಟ್ಟಗೆ ಮೈಮೂನಕ್ಕನ ಮೆಟ್ಟಿಲಿಗೆ ಹೋದೆ. “ಮೈಮೂನಕ್ಕ, ನನ್ನ ತಲ್ಯಾಗ ಹೇನ ಆಗ್ಯಾವ್ರಿ!” ಎಂದೆ, ಬಸುರಿ ಎಂದು ಹೇಳುವವರ ಧಾಟಿಯಲ್ಲಿ. ಯಾಕೆ, ಹೇಗೆ, ಎಲ್ಲ ಬಿಡಿಸಿ ಹೇಳಿದೆ. ಅವಳು ಎಲ್ಲ ಕೇಳಿ, “ಇಷ್ಟು ದಿನ ನನ್ನ ತೊಡಿ ಮ್ಯಾಲ ಮಲಗ್ಯಾಳ, ನನಗ ಒಂದೂ ಕೊಟ್ಟಿಲ್ಲ ನೋಡ್ರಿ ಆಕಿ” ಎಂದಳು. ನಗುತ್ತಲೇ ಹೇಳಿದಳು, ಆದರೆ ನಗು ಸ್ವಲ್ಪ ಸಪ್ಪಗಿತ್ತು. ಅದನ್ನು ನೋಡಿ ನನಗೆ ಪಾಪ ಅನಿಸಬೇಕಾಗಿತ್ತು. ನನಗಂತೂ ಹೋಳಿಗೆ ತಿಂದಷ್ಟು ಖುಷಿಯಾಯಿತು. ಆಮೇಲೆ ಅವಳೇ, “ಬರ್ರಿ, ಕುಂದರ್ರಿ, ನೋಡ್ತೀನಿ” ಎಂದು ತೊಡೆ ತಟ್ಟಿದಳು.

ಕೂತೆ. ತಲೆ ಇಟ್ಟೆ. ಅವಳ ಬೆರಳು ಕೂದಲ ಬುಡದಲ್ಲಿ ಯಾವ ಅವಸರವೂ ಇಲ್ಲದೆ ಓಡಾಡಿದವು. ಹೇನು ಸಿಕ್ಕವೋ ಇಲ್ಲವೋ ನಾನು ಕೇಳಲಿಲ್ಲ. ನನ್ನ ಬಾಯಿ ತಾನಾಗಿಯೇ ಬಿಚ್ಚಿಕೊಂಡಿತು. ಗಂಡ ಮೇಲಿನ ಮಾಳಿಗೆಯಲ್ಲಿ ಕೆಲಸ ಇದೆ ಎಂದ ದಿನ ನನ್ನ ಕೈಕಾಲು ತಣ್ಣಗಾಗುವುದನ್ನು ಹೇಳಿದೆ, ಕಾಲೇಜು ಬಿಟ್ಟದ್ದು ಇನ್ನೂ ಕನಸಿನಲ್ಲಿ ಬರುವುದನ್ನು ಹೇಳಿದೆ, ಅವಳ ತಲೆಯಲ್ಲಿ ಹೇನು ಸಿಗಲಿ ಎಂದು ದೇವರನ್ನು ಬೇಡಿಕೊಂಡದ್ದನ್ನೂ ಹೇಳಿಬಿಟ್ಟೆ. “ಗೊತ್ತೈತ್ರಿ ವೈನಿ, ಹುಡುಕೂ ಕೈ ಮ್ಯಾಲನ ಗೊತ್ತಾಗ್ತೈತಿ” ಎಂದಳು. ಎಷ್ಟು ಹೊತ್ತಾಯಿತೋ, ಧಡ್ ಎಂದು ಶಾಲೆಯ ಚೀಲ ಬಿದ್ದ ಸದ್ದಾಯಿತು. ಅರ್ಧ ಕಣ್ಣು ತೆರೆದು ನೋಡಿದೆ. ಸಂಜೂ ಮುಖ ಊದಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹೊಟ್ಟೆಯ ಉರಿಯೆಲ್ಲ ಮೂಗಿನ ತುದಿಗೆ ಬಂದಿತ್ತು.

“ಮಮ್ಮಿ, ಏಳು. ಅದು ನನ್ನ ಜಾಗಾ.”

ಒಳ್ಳೆಯ ತಾಯಿಯಾದವಳು ಎದ್ದು ಜಾಗ ಬಿಟ್ಟುಕೊಡುತ್ತಿದ್ದಳು, ಇಲ್ಲವೇ ಮಗಳನ್ನು ತನ್ನ ತೊಡೆಗೆ ಕರೆದುಕೊಳ್ಳುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಹೇಳಿದೆ, “ಒಳಗ ರೊಟ್ಟಿ ಐತಿ, ತಿನ್ನು ಹೋಗು. ಮೌಶಿ ಇನ್ನೂ ನನ್ನ ಎಡಗಡೆ ನೋಡಿಲ್ಲ.”